ಆಲಾಪನೆಯ ನಡುವೆ ಉರುಳಿದ ಲೋಟ: ಮೈಸೂರಿನ ಒಂದು ಸಂಗೀತೋತ್ಸವದ ಪ್ರಕರಣ

ಮೊದಲೇ ಒಂದು ಮಾತು. ಇದು ಮೈಸೂರಿನ ಹಳೇ ಮೊಹಲ್ಲಾ ಒಂದರಲ್ಲಿ ಪ್ರತಿ ವರ್ಷ ನಡೆಯುವ ಸಂಗೀತೋತ್ಸವದ ವಿಷಯ. ಸಂಸ್ಥೆ ಯಾವುದು, ಹಾಡಿದವರು ಯಾರು, ಅಡುಗೆ ಮಾಡಿದವರು ಯಾರು ಅಂತ ಬರೆಯುವುದಿಲ್ಲ. ಗುರುತು ಹತ್ತಬಾರದು ಅಂತ ಕೆಲವು ಸಣ್ಣಪುಟ್ಟ ವಿವರ ಬದಲಾಯಿಸಿದ್ದೇನೆ, ಅಂಕಿಗಳನ್ನು ದುಂಡು ಮಾಡಿದ್ದೇನೆ. ಊಹೆ ಮಾಡಲು ಹೋಗಬೇಡಿ. ಮೈಸೂರಿನಲ್ಲಿ ಇಂಥ ಉತ್ಸವ ಬೇಕಾದಷ್ಟಿವೆ. ಎಲ್ಲದರ ಕಸವೂ ಹೆಚ್ಚುಕಮ್ಮಿ ಒಂದೇ ಥರ.

ನಾನು ಆ ಉತ್ಸವದ ಸಮಿತಿಯಲ್ಲಿ ಕಸದ ಉಸ್ತುವಾರಿ. ಮೊದಲು ಅಂಥ ಹುದ್ದೆಯೇ ಇರಲಿಲ್ಲ. ಮೀಟಿಂಗಿನಲ್ಲಿ ಜಾಸ್ತಿ ಮಾತಾಡಿದ್ದಕ್ಕೆ ಸಿಕ್ಕಿದ್ದು.

ಹಿನ್ನೆಲೆ

ಗಣೇಶನ ಹಬ್ಬ ಕಳೆದ ಮೇಲೆ ಒಂಬತ್ತು ಸಂಜೆ ಕಛೇರಿ. ಜಾಗ ಒಂದು ಶಾಲೆಯ ಮೈದಾನ. ಮೇಲೆ ಶಾಮಿಯಾನ, ಕೆಳಗೆ ಬಾಡಿಗೆ ಕುರ್ಚಿ. ವಾರದ ದಿನಗಳಲ್ಲಿ 600 ಜನ ಬರುತ್ತಾರೆ. ಭಾನುವಾರ ದೊಡ್ಡ ಹೆಸರಿನವರು ಹಾಡುವಾಗ 1,500 ದಾಟುತ್ತದೆ. ಟಿಕೆಟ್ ಇಲ್ಲ. ಮಧ್ಯೆ 20 ನಿಮಿಷ ವಿರಾಮ, ಆಗ ಎಲ್ಲರಿಗೂ ಕಾಫಿ. ಮಂಗಳ ಆದ ಮೇಲೆ ಪ್ರಸಾದ: ಒಂದು ದಿನ ಪುಳಿಯೋಗರೆ, ಒಂದು ದಿನ ಸಜ್ಜಿಗೆ, ಕೋಸಂಬರಿ. ಈ ಕಾಫಿ ಉತ್ಸವದಷ್ಟೇ ಹಳೆಯದು. ನಮ್ಮ ಅಡುಗೆಯವರು ಇಪ್ಪತ್ತು ವರ್ಷದಿಂದ ಒಂದೇ ಜೋಕ್ ಹೇಳುತ್ತಾರೆ. "ಅರ್ಧ ಜನ ರಾಗಕ್ಕೆ ಬರ್ತಾರೆ, ಅರ್ಧ ಜನ ಡಿಕಾಕ್ಷನ್‌ಗೆ."

ಕಾರ್ಡಿನಲ್ಲಿ ಆರೂವರೆ ಅಂತ ಹಾಕುತ್ತಿದ್ದೆವು. ಶುರುವಾಗುವ ಹೊತ್ತಿಗೆ ಏಳು. ವಿರಾಮ ಎಳೆದುಕೊಂಡು ಅರ್ಧ ಗಂಟೆ ಆಗುತ್ತಿತ್ತು. ಮುಗಿಯುವುದು ಹತ್ತರ ಆಚೆ ಈಚೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ತನಿ ಆವರ್ತನ (ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ) ನಡೆಯುವಾಗ ಕಾರ್ಯದರ್ಶಿ ಗಡಿಯಾರ ನೋಡುತ್ತಾ ನಿಲ್ಲುವುದು ನಮ್ಮಲ್ಲಿ ಮಾಮೂಲಿ ದೃಶ್ಯ.

ಇನ್ನೂ ಕೆಲವು ನಿಯಮಗಳು ನಮಗೆ ಗೊತ್ತಿದ್ದವು, ಗೊತ್ತಿಲ್ಲದ ಹಾಗೆ ಇದ್ದೆವು. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ನಿಷೇಧ ಇದೆ. ಅದೇ ವರ್ಷ ಬಂದ ಘನತ್ಯಾಜ್ಯ ನಿಯಮದ ಪ್ರಕಾರ ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮಕ್ಕೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕಿತ್ತು, ಕಸ ಬೇರ್ಪಡಿಸಿ ಕೊಡಬೇಕಿತ್ತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಸೇರಿಕೊಂಡಿತು. ನಾವು ಮಾಡಿದ್ದು ಇಷ್ಟೇ. ಪ್ಲಾಸ್ಟಿಕ್ ಕಪ್ಪು ಬಿಟ್ಟು ಪೇಪರ್ ಕಪ್ಪಿಗೆ ಹೋದೆವು. ಬಾಗಿಲಲ್ಲಿ "ಪ್ಲಾಸ್ಟಿಕ್ ಮುಕ್ತ ಉತ್ಸವ" ಅಂತ ಬೋರ್ಡ್ ಹಾಕಿದೆವು. ಆ ಬೋರ್ಡೂ ಫ್ಲೆಕ್ಸೇ.

ಮಳೆ ಬಂದ ರಾತ್ರಿ

ಈ ಕಥೆ ಮೂರು ವರ್ಷದ್ದು. ಮೊದಲ ವರ್ಷ, ಐದನೇ ಸಂಜೆ. ವಿರಾಮ ಮುಗಿದು ಹತ್ತು ನಿಮಿಷಕ್ಕೆ ಜೋರು ಮಳೆ ಹಿಡಿಯಿತು. ಭಾದ್ರಪದದ ಮಳೆ, ಬಂತು ಅಂದರೆ ಬಂತು. ಕುರ್ಚಿ ಕೆಳಗೆ, ಕಾಂಪೌಂಡ್ ಪಕ್ಕ ಬಿದ್ದಿದ್ದ ಕಪ್ಪುಗಳೆಲ್ಲ ತೇಲಿಕೊಂಡು ಮೋರಿಗೆ ಹೋದವು. ಅರ್ಧ ಗಂಟೆಯಲ್ಲಿ ಮೋರಿ ಕಟ್ಟಿಕೊಂಡಿತು. ನೀರು ಹಿಂದಕ್ಕೆ ಬಂದು ಮುಂದಿನ ಸಾಲಿನವರ ಪಾದ ಮುಟ್ಟಿತು. ಜನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಾಲು ಕುರ್ಚಿ ಮೇಲೆ ಇಟ್ಟುಕೊಂಡು ಪಲ್ಲವಿ ಕೇಳಿದರು.

ಬೆಳಿಗ್ಗೆ ಆರಕ್ಕೆ ನಾನು ಹೋದೆ. ಗುಡಿಸುವ ಇಬ್ಬರು ಹೆಂಗಸರು ಮೋರಿಯ ಜಾಲರಿಗೆ ಕೈ ಹಾಕಿ ಕಪ್ಪು ತೆಗೆಯುತ್ತಿದ್ದರು. ನೆಂದ ಕಪ್ಪು ಕೈಗೆ ಇಡಿಯಾಗಿ ಬರುವುದಿಲ್ಲ, ಹಿಡಿದರೆ ಹಿಸಿದು ಹೋಗುತ್ತದೆ. ತಳ ಒಂದು ಕಡೆ, ಗೋಡೆ ಒಂದು ಕಡೆ. ಆ ಮೋರಿಯ ನೀರು ಕೊನೆಗೆ ಹೋಗಿ ಸೇರುವುದು ಕೆರೆಗೇ ಅಲ್ವಾ. ಎಷ್ಟು ಕಪ್ಪು ಆಗಲೇ ಮುಂದೆ ಹೋಗಿದ್ದವೋ ಲೆಕ್ಕ ಇಲ್ಲ.

ಸಿಕ್ಕಿದಷ್ಟನ್ನು ಎರಡು ಗೋಣಿಚೀಲಕ್ಕೆ ತುಂಬಿ ಒಣಕಸ ವಿಂಗಡಿಸುವ ಘಟಕವೊಂದಕ್ಕೆ ತೆಗೆದುಕೊಂಡು ಹೋದೆ. ಪೇಪರ್ ಅಲ್ವಾ, ತಗೋತಾರೆ ಅಂದುಕೊಂಡಿದ್ದೆ. ಅಲ್ಲಿದ್ದ ಹೆಂಗಸು ಒಂದು ಕಪ್ಪು ತೆಗೆದುಕೊಂಡು, ಅಂಚಿಗೆ ಉಗುರು ಕೊಟ್ಟು, ಒಳಗಡೆಯಿಂದ ಒಂದು ಪೊರೆ ಎಬ್ಬಿಸಿದರು. ಬೆಂಡೆಕಾಯಿ ಲೋಳೆ ಥರ ತೆಳ್ಳಗೆ ಎದ್ದು ಬಂತು. "ಇದು ಪ್ಲಾಸ್ಟಿಕ್ಕು. ಪೇಪರ್‌ಗೂ ಹೋಗಲ್ಲ, ಗೊಬ್ಬರಕ್ಕೂ ಹೋಗಲ್ಲ" ಅಂದರು. ಕಾಫಿ ಸೋರದೆ ನಿಲ್ಲುವುದೇ ಆ ಪೊರೆಯಿಂದ. ಅಷ್ಟು ದಿನ ನಾವು ಪ್ಲಾಸ್ಟಿಕ್ಕನ್ನು ಕಾಗದದ ಒಳಗೆ ಬಚ್ಚಿಟ್ಟಿದ್ದೆವು, ಅಷ್ಟೇ.

ಮೈಸೂರು 2016ರಲ್ಲಿ ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಪಡೆದ ಊರು. ಆ ಹೆಮ್ಮೆ ನಮ್ಮ ಸಮಿತಿಯವರಿಗೂ ಇದೆ. ಆ ಎರಡು ಗೋಣಿಚೀಲ ವಾಪಸ್ ತಂದು ಸಮಿತಿ ಕೋಣೆಯ ಮೂಲೆಯಲ್ಲಿ ಇಟ್ಟೆ. ಮೂರು ದಿನಕ್ಕೆ ಹುಳಿ ಹಾಲಿನ ವಾಸನೆ ಬಂತು. ಪೇಪರ್ ಕಪ್ಪು ಬಿಡಲು ಸಮಿತಿ ಒಪ್ಪಿದ್ದು ಆ ವಾಸನೆಗೆ, ನನ್ನ ಮಾತಿಗಲ್ಲ.

ಸ್ಟೀಲ್ ಲೋಟ, ಮೊದಲ ಸಂಜೆ

ಎರಡನೇ ವರ್ಷ ಪಾತ್ರೆ ಬಾಡಿಗೆ ಅಂಗಡಿಯಿಂದ 650 ಸ್ಟೀಲ್ ಲೋಟ ತಂದೆವು. ಪ್ರಸಾದಕ್ಕೆ ಅಡಿಕೆ ಹಾಳೆಯ ದೊನ್ನೆ. ದೊನ್ನೆಯಲ್ಲಿ ಏನೂ ತೊಂದರೆ ಆಗಲಿಲ್ಲ, ಆ ವಿಷಯ ಅಲ್ಲಿಗೆ ಮುಗಿಯಿತು. ಲೋಟದಲ್ಲಿ ಎಲ್ಲ ತೊಂದರೆಯೂ ಆಯಿತು.

20 ನಿಮಿಷದಲ್ಲಿ 600 ಜನರಿಗೆ ಕಾಫಿ. ಪೇಪರ್ ಕಪ್ಪಾದರೆ ತಗೊಂಡು ಹೋಗುತ್ತಾರೆ, ಕುಡಿಯುತ್ತಾರೆ, ಎಸೆಯುತ್ತಾರೆ. ಲೋಟವನ್ನು ವಾಪಸ್ ತರಬೇಕು. ಹೋಗುವ ಸಾಲು, ಬರುವ ಸಾಲು ಎರಡೂ ಒಂದೇ ಮೇಜಿನ ಹತ್ತಿರ ಸಿಕ್ಕಿಹಾಕಿಕೊಂಡವು. ವಿರಾಮ 45 ನಿಮಿಷ ಆಯಿತು. ಅಷ್ಟಾದರೂ ನೂರಾರು ಜನ ಲೋಟ ಹಿಡಿದುಕೊಂಡೇ ಕುರ್ಚಿಗೆ ಹೋದರು, ಕುಡಿದು ಕೆಳಗೆ ಇಟ್ಟರು.

ಆಮೇಲೆ ಗಾಯಕರು ಮುಖ್ಯ ರಾಗ ಎತ್ತಿಕೊಂಡರು. ಖರಹರಪ್ರಿಯ. ಕೆಳಗಿನ ಷಡ್ಜದಲ್ಲಿ ನಿಂತಿದ್ದರು. ಯಾರದೋ ಕಾಲು ತಗುಲಿ ಲೋಟ ಒಂದು ಬಿತ್ತು. ಬಿದ್ದು ಸುಮ್ಮನಾಗಲಿಲ್ಲ, ಸಿಮೆಂಟ್ ನೆಲದ ಇಳಿಜಾರಿಗೆ ಉರುಳಿತು. ಕುರ್ಚಿ ಕಾಲಿಗೆ ತಾಗಿ ಇನ್ನೊಂದು ಲೋಟಕ್ಕೆ ಹೊಡೆಯಿತು. ಗಾಯಕರು ಕಣ್ಣು ಬಿಟ್ಟರು. ನಕ್ಕರು, ಪುಣ್ಯ. ಆದರೆ ಹತ್ತು ನಿಮಿಷದಲ್ಲಿ ಮತ್ತೆ ಎರಡು ಸಲ ಹಾಗೇ ಆಯಿತು. ಮೂರನೇ ಸಲ ನಗಲಿಲ್ಲ. ಪಿಟೀಲು ವಿದ್ವಾಂಸರು ನನ್ನ ಕಡೆಗೇ ನೋಡಿದ ಹಾಗೆ ಅನಿಸಿತು. ಅವರಿಗೆ ನಾನು ಯಾರು ಅಂತಲೂ ಗೊತ್ತಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ತೊಳೆಯುವವರು ನಲ್ಲಿ ಬಿಟ್ಟುಕೊಂಡು ಒಂದೊಂದೇ ಲೋಟ ತೊಳೆದಿದ್ದರು. ಶಾಲೆಯ ಸಾವಿರ ಲೀಟರ್ ಟ್ಯಾಂಕ್ ಖಾಲಿ. ಶೌಚಾಲಯದಲ್ಲಿ ನೀರಿಲ್ಲ. ಎಪ್ಪತ್ತು ದಾಟಿದ ಕೇಳುಗರೇ ಜಾಸ್ತಿ ಇರುವ ಸಭೆಯಲ್ಲಿ ಶೌಚಾಲಯಕ್ಕೆ ನೀರಿಲ್ಲ ಅಂದರೆ ಏನಾಗುತ್ತೆ, ನೀವೇ ಯೋಚಿಸಿ. ಕೊನೆಗೆ ಎಣಿಸಿದರೆ 58 ಲೋಟ ಕಮ್ಮಿ.

ಮೂರು ದಾರಿ

ರಾತ್ರಿ ಹನ್ನೊಂದಕ್ಕೆ ಪೆಂಡಾಲ್ ಒಳಗೇ ಮೀಟಿಂಗ್. ಖಜಾಂಚಿ ಪೇಪರ್ ಕಪ್ಪಿಗೆ ವಾಪಸ್ ಹೋಗೋಣ ಅಂದರು. ಕಾಲೇಜು ಹುಡುಗ ಒಬ್ಬ ಲೋಟಕ್ಕೆ ಠೇವಣಿ ಇಡೋಣ ಅಂದ. ಜರ್ಮನಿಯ ಉತ್ಸವಗಳಲ್ಲಿ ಹೀಗೇ ಮಾಡುತ್ತಾರೆ, ಲೋಟ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಅಷ್ಟು ದೂರ ಯಾಕೆ, ಪಕ್ಕದ ನೀಲಗಿರಿಯಲ್ಲಿ ಮದ್ಯದ ಖಾಲಿ ಬಾಟಲಿ ತಂದುಕೊಟ್ಟರೆ 10 ರೂಪಾಯಿ ವಾಪಸ್ ಕೊಡುವ ಯೋಜನೆ 2022ರಲ್ಲೇ ಶುರುವಾಯಿತು. ಕಾಡಿನಲ್ಲಿ ಬಾಟಲಿ ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿತ್ತು, ಅದಕ್ಕೆ ಮಾಡಿದ್ದು. ನನಗೂ ಸರಿ ಅನಿಸಿತು. ಎರಡನೇ ಸಂಜೆ ಲೋಟಕ್ಕೆ 20 ರೂಪಾಯಿ ಠೇವಣಿ ಇಟ್ಟೆವು.

ಅದು ಒಂದೇ ದಿನ ನಡೆಯಿತು. ಚಿಲ್ಲರೆ ಇಲ್ಲ. ಫೋನಿನಲ್ಲಿ ಕಳಿಸಿದವರಿಗೆ ವಾಪಸ್ ಕಳಿಸುವುದಕ್ಕೆ ಒಬ್ಬೊಬ್ಬರಿಗೆ ಒಂದು ನಿಮಿಷ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇತ್ತು. ಒಬ್ಬ ಹಿರಿಯರು, ಪ್ರತಿ ವರ್ಷ ಉತ್ಸವಕ್ಕೆ ದೊಡ್ಡ ಮೊತ್ತ ಕೊಡುವವರು, ಲೋಟ ಮೇಜಿನ ಮೇಲೆ ಇಟ್ಟು "ನನಗೆ ಬೇಡ ಬಿಡಪ್ಪಾ" ಅಂತ ಹೊರಟುಹೋದರು. ಜರ್ಮನಿಯಲ್ಲಿ ಪಾನೀಯ ಕೊಂಡುಕೊಳ್ಳುತ್ತಾರೆ, ಅದರ ಜೊತೆಗೆ ಲೋಟದ ದುಡ್ಡು. ನಮ್ಮದು ಮಾರುವ ಕಾಫಿ ಅಲ್ಲ, ಕರೆದು ಕೊಡುವ ಕಾಫಿ. ಮನೆಗೆ ಬಂದವರ ಕೈಯಲ್ಲಿ ಲೋಟಕ್ಕೆ ಅಡ ಇಡಿಸಿಕೊಂಡರೆ ಯಾರಿಗೆ ತಾನೇ ಸರಿಹೋಗುತ್ತೆ? ಆ ವ್ಯತ್ಯಾಸ ನನಗೆ ಮೊದಲೇ ಹೊಳೆಯಬೇಕಿತ್ತು.

ಮೂರನೇ ದಾರಿ ಹೇಳಿದ್ದು ಅಡುಗೆಯವರು. ಅವರು ಪರಿಸರ ಅಂತ ಒಂದು ಮಾತೂ ಆಡಲಿಲ್ಲ. "ನಂಗೆ ಇಪ್ಪತ್ತು ನಿಮಿಷದಲ್ಲಿ ಆರುನೂರು ಲೋಟ ಕೊಡೋಕಾಗಲ್ಲ ಸ್ವಾಮಿ. ಒಂದು ಗಂಟೆ ಕೊಡಿ. ಕಛೇರಿಗೆ ಮುಂಚೆನೇ ಕೊಟ್ಬಿಡ್ತೀನಿ."

ಕಾಫಿ ಇಲ್ಲದ ವಿರಾಮ? ಸಮಿತಿಯ ಅರ್ಧ ಜನ ತಲೆ ಅಲ್ಲಾಡಿಸಿದರು. ಕಾರ್ಯದರ್ಶಿ ಮಾತ್ರ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ವಿರಾಮನೇ ಯಾಕೆ?" ಅಂದರು. ನಮ್ಮ ಇಡೀ ಪ್ರಕರಣ ತಿರುಗಿದ್ದು ಆ ಪ್ರಶ್ನೆಯಿಂದ. ಅವರಿಗೆ ಆಗ ಹಾಗೆ ಅನಿಸಿರಲಾರದು, ಗಡಿಯಾರದ ಚಿಂತೆ ಅವರದು.

ನಾಲ್ಕನೇ ಸಂಜೆಯಿಂದ ಐದರಿಂದ ಆರರವರೆಗೆ ಕಾಫಿ. ಆರೂಕಾಲಿಗೆ ಕಛೇರಿ. ನಡುವೆ ವಿರಾಮ ಇಲ್ಲ, ಐದು ನಿಮಿಷ ಕೈಕಾಲು ಆಡಿಸುವುದಕ್ಕೆ ಅಷ್ಟೇ. ಮೊದಲ ದಿನ ಅರ್ಧ ಜನರಿಗೆ ವಿಷಯ ಗೊತ್ತಿರಲಿಲ್ಲ. ಏಳಕ್ಕೆ ಬಂದವರು "ಏನ್ರೀ ಶುರುವಾಗ್ಬಿಟ್ಟಿದೆ" ಅಂತ ನಮ್ಮ ಮೇಲೇ ರೇಗಿದರು. ಮುಂದಿನ ಮೂರು ದಿನ ಕಾರ್ಯದರ್ಶಿ ಕೂತು ಇನ್ನೂರು ಜನರಿಗೆ ಫೋನ್ ಮಾಡಿದರು. ವಾಟ್ಸಾಪಿನಲ್ಲಿ ಹಾಕಿದರೆ ಸಾಲದು, ನಮ್ಮ ಕೇಳುಗರಿಗೆ ಬಾಯಿಂದಲೇ ಹೇಳಬೇಕು. ಶನಿವಾರದ ಹೊತ್ತಿಗೆ ಐದೂವರೆಗೇ ಮೈದಾನ ಅರ್ಧ ತುಂಬಿತ್ತು.

ಯಾಕೆ ಕೆಲಸ ಮಾಡಿತು ಅಂದರೆ ಇದು ಬರೀ ಲೋಟದ ಓಟದ ಲೆಕ್ಕ. ಎಲ್ಲರೂ 20 ನಿಮಿಷದಲ್ಲಿ ಕುಡಿದರೆ ಒಬ್ಬರಿಗೊಂದು ಲೋಟ ಬೇಕು. ಒಂದು ಗಂಟೆಯಲ್ಲಿ ಸಾವಕಾಶ ಕುಡಿದರೆ ಒಂದೇ ಲೋಟ ತೊಳೆದು ಎರಡು ಸಲ ಓಡುತ್ತದೆ. 650ರ ಜಾಗದಲ್ಲಿ 350 ಲೋಟ ಸಾಕಾಯಿತು. ಮೇಜಿನ ಹತ್ತಿರವೇ ನಿಂತು, ಮಾತಾಡುತ್ತಾ ಕುಡಿದು, ಅಲ್ಲೇ ಇಟ್ಟು ಹೋಗುತ್ತಾರೆ. ಕುರ್ಚಿ ಕೆಳಗೆ ಲೋಟ ಇಲ್ಲ, ಆಲಾಪನೆಗೆ ಕಾಟ ಇಲ್ಲ.

ತೊಳೆಯುವುದಕ್ಕೆ ಮೂರು ಟಬ್ ಇಟ್ಟೆವು. ಒಂದರಲ್ಲಿ ಸೋಪು ನೀರು, ಎರಡರಲ್ಲಿ ಜಾಲಿಸುವ ನೀರು. ಹೊಲಸಾದ ಹಾಗೆ ಕೊನೆಯ ಟಬ್ಬಿನ ನೀರು ಅದಕ್ಕೆ ಮೊದಲಿನ ಟಬ್ಬಿಗೆ ಬರುತ್ತದೆ. ನಲ್ಲಿ ಬಿಟ್ಟು ತೊಳೆದಾಗ ಸಾವಿರ ಲೀಟರ್ ಹಿಡಿದದ್ದು ಈಗ 400 ಲೀಟರ್ ಒಳಗೆ ಮುಗಿಯುತ್ತದೆ. ಆ ನೀರು ಮೈದಾನದ ಅಂಚಿನ ಹೊಂಗೆ ಮರಗಳಿಗೆ. ಹಿಂದಿನ ವರ್ಷ ಮೋರಿಗೆ ಕೈ ಹಾಕಿದ್ದ ಇಬ್ಬರಿಗೇ ಈ ಕೆಲಸ ಕೊಟ್ಟೆವು, ಸಂಜೆಗೆ ತಲಾ 600 ರೂಪಾಯಿ. ಅವರಲ್ಲೊಬ್ಬರು ಟಬ್ ಮುಂದೆ ಕೂತು ಹೇಳಿದ್ದು: "ಇದು ವಾಸಿ ಕಣಪ್ಪ. ಬಿಸಿನೀರಾದ್ರೂ ಕೊಡ್ತೀರಿ."

ದುಡ್ಡಿನ ಲೆಕ್ಕದಲ್ಲಿ ಲೋಟ ಅಗ್ಗ ಅಲ್ಲ. ಬಾಡಿಗೆ, ಕೂಲಿ, ಕಳೆದ ಲೋಟದ ದಂಡ ಸೇರಿದರೆ ಪೇಪರ್ ಕಪ್ಪಿಗಿಂತ ಎರಡರಷ್ಟು ಆಯಿತು. ಲೋಟದಿಂದ ದುಡ್ಡು ಉಳಿಯುತ್ತೆ ಅಂತ ಯಾರಾದರೂ ನಿಮ್ಮ ಸಮಿತಿಯಲ್ಲಿ ಹೇಳಿದರೆ ನಂಬಬೇಡಿ.

ಹಸಿ ಕಸ, ಬಾಟಲಿ, ಪೇಟ

ಹಸಿ ಕಸದಲ್ಲಿ ತಪ್ಪು ನಮ್ಮದೇ. ಮೂರು ಡ್ರಮ್ ಇಟ್ಟು, ಬಣ್ಣ ಬಳಿದು, ಹುಡುಗರನ್ನು ಕಾವಲು ನಿಲ್ಲಿಸಿ ಚೆನ್ನಾಗಿ ಬೇರೆ ಮಾಡಿದೆವು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ನಾವೇ ಬಾಡಿಗೆಗೆ ಕರೆಸಿದ್ದ ಟ್ರ್ಯಾಕ್ಟರಿನವನು ಮೂರನ್ನೂ ಒಂದೇ ಟ್ರೇಲರಿಗೆ ಸುರಿಯುತ್ತಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಕೇಳುಗರಿಗೆ ದಿನಾ ಮೈಕಿನಲ್ಲಿ ಹೇಳಿದ್ದೆವು. ಕಸ ಹೊರುವವನಿಗೆ ಹೇಳುವುದನ್ನೇ ಮರೆತಿದ್ದೆವು.

ಆಮೇಲೆ ಹಸಿ ಕಸವನ್ನು ಊರಾಚೆಯ ರೈತರೊಬ್ಬರಿಗೆ ಕೊಡುವುದು ಅಂತಾಯಿತು. ತರಕಾರಿ ಸಿಪ್ಪೆ, ಬಾಳೆ ಎಲೆ ದನಕ್ಕೆ. ದೊನ್ನೆ, ಹೂವು ಗುಂಡಿಗೆ. ಮೊದಲ ಲೋಡು ಅವರು ವಾಪಸ್ ಕಳಿಸಿದರು. ಹಾರದಲ್ಲಿ ಜರಿ ದಾರ, ಎಲೆ ಕಟ್ಟಿನಲ್ಲಿ ರಬ್ಬರ್ ಬ್ಯಾಂಡ್, ಅಲಂಕಾರದ ಹೂವಿನಲ್ಲಿ ಗುಂಡುಸೂಜಿ. ದನದ ಹೊಟ್ಟೆಗೆ ಹೋದರೆ ಯಾರು ಹೊಣೆ? ಆಮೇಲೆ ಅಲಂಕಾರದವರಿಗೆ ಬರೀ ಬಾಳೆನಾರಿನಲ್ಲಿ ಕಟ್ಟಿ ಅಂದೆವು. ಒಪ್ಪಿದರು, ಒಂದು ಹಾರಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿ.

ನೀರಿನ ಬಾಟಲಿ ವಿಷಯ ತಮಾಷೆಯದು. 2022ರ ನಿಷೇಧದ ಪಟ್ಟಿಯಲ್ಲಿ ಕುಡಿಯುವ ನೀರಿನ ಬಾಟಲಿ ಇಲ್ಲ. ಹಾಗಾಗಿ ಎಲ್ಲ ವೇದಿಕೆ ಮೇಲೂ ಅವು ಸಾಲಾಗಿ ಕೂತಿರುತ್ತವೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ 2019ರಲ್ಲಿ ಅಂಥ ಬಾಟಲಿ ಮಾರುವುದನ್ನೇ ನಿಲ್ಲಿಸಿದರು. ನಮಗೆ ಅಷ್ಟು ಕಷ್ಟವೇ ಆಗಲಿಲ್ಲ. ಹಾಡುವವರು ಯಾರೂ ಬಾಟಲಿಯ ತಣ್ಣೀರು ಕುಡಿಯುವುದಿಲ್ಲ. ಅವರ ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರು ಇದ್ದೇ ಇರುತ್ತದೆ. ಬಾಟಲಿ ಇದ್ದದ್ದು ಸುಮ್ನೆ ಫೋಟೋಕ್ಕೆ. ತೆಗೆದೆವು, ಯಾರೂ ಕೇಳಲೇ ಇಲ್ಲ.

ಸನ್ಮಾನದ ಮೈಸೂರು ಪೇಟ ಮಾತ್ರ ಇನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲೇ ಬರುತ್ತಿದೆ. ಡಬ್ಬಿ ಬೇಡ ಅಂದರೆ ಅಂಗಡಿಯವರು "ಪೇಟ ಕುಸಿದುಹೋಗುತ್ತೆ" ಅನ್ನುತ್ತಾರೆ. ಅದೂ ನಿಜವೇ.

ಜನರೇಟರ್

ಎರಡನೇ ವರ್ಷದ ಕೊನೆಯ ಸಂಜೆ ಒಬ್ಬ ಕೇಳುಗರು, ವಿದ್ಯುತ್ ಕೆಲಸದಿಂದ ನಿವೃತ್ತರಾದವರು, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಲೋಟ ಲೋಟ ಅಂತ ಓಡಾಡ್ತಿದೀಯಲ್ಲ, ಹಿಂದೆ ಗುಡುಗುಡು ಅಂತಿರೋದು ಕೇಳಿಸ್ತಿಲ್ವಾ?"

ನಮ್ಮ ಜನರೇಟರ್ 62 ಕೆವಿಎ, ಅಂದರೆ ಸುಮಾರು 50 ಕಿಲೋವ್ಯಾಟ್ ಲೋಡು ಎಳೆಯುವಂಥದ್ದು. ಪೆಂಡಾಲಿನಲ್ಲಿ ಹ್ಯಾಲೋಜನ್ ದೀಪ ಉರಿಯುತ್ತಿದ್ದ ಕಾಲದಲ್ಲಿ ಗೊತ್ತುಮಾಡಿದ್ದು. ದೀಪಗಳೆಲ್ಲ ಎಲ್‌ಇಡಿ ಆಗಿ ವರ್ಷಗಳಾಗಿದ್ದವು, ಜನರೇಟರ್ ಮಾತ್ರ ಬದಲಾಗಿರಲಿಲ್ಲ. ಕರೆಂಟ್ ಇದ್ದರೂ ಸಂಜೆಯಿಂದ ರಾತ್ರಿವರೆಗೆ ಐದು ಗಂಟೆ ಅದು ಓಡಲೇಬೇಕು. ವೋಲ್ಟೇಜ್ ಏರಿಳಿತ ಆದರೆ ಆಂಪ್ಲಿಫಯರ್ ಹೋಗುತ್ತೆ ಅಂತ ಸೌಂಡಿನವರ ಭಯ. ಆ ಹಿರಿಯರು ಕ್ಲ್ಯಾಂಪ್ ಮೀಟರ್ ತಂದು ತಂತಿಗೆ ಹಿಡಿದರು. ನಿಜವಾದ ಲೋಡು 11 ಕಿಲೋವ್ಯಾಟ್. ಆನೆ ಕೈಯಲ್ಲಿ ಗುಬ್ಬಿ ಗಾಡಿ ಎಳೆಸುತ್ತಿದ್ದೆವು. ಡೀಸೆಲ್ ಎಂಜಿನ್ ಕಮ್ಮಿ ಲೋಡಿನಲ್ಲಿ ಓಡಿದರೆ ಪ್ರತಿ ಯೂನಿಟ್ಟಿಗೆ ಜಾಸ್ತಿ ಎಣ್ಣೆ ಕುಡಿಯುತ್ತದೆ.

ಆ ರಾತ್ರಿ ನೋಟ್‌ಬುಕ್ ಹಿಡಿದು ಕೂತೆ. ಹಿಂದಿನ ವರ್ಷದ ಬಿಲ್ ಪ್ರಕಾರ ಒಂಬತ್ತು ದಿನಕ್ಕೆ 300 ಲೀಟರ್ ಡೀಸೆಲ್. ಒಂದು ಲೀಟರ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ 800 ಕೆಜಿ. ಪಕ್ಕದಲ್ಲಿ ಕಪ್ಪಿನ ಲೆಕ್ಕ ಬರೆದೆ. ಒಂಬತ್ತು ದಿನಕ್ಕೆ ಸುಮಾರು 6,000 ಕಪ್ಪು, ಒಂದಕ್ಕೆ ಮೂರು ಗ್ರಾಂ ಅಂದರೂ 18 ಕೆಜಿ. ಎರಡು ವರ್ಷ, ಎಷ್ಟೋ ಜಗಳ, ಒಬ್ಬ ದಾನಿಯ ಮುನಿಸು, ಎಲ್ಲ 18 ಕೆಜಿ ಕಾಗದಕ್ಕೆ.

ಎರಡನ್ನೂ ಹೀಗೆ ತಕ್ಕಡಿಗೆ ಹಾಕುವುದು ಪೂರ್ತಿ ನ್ಯಾಯ ಅಲ್ಲ, ಗೊತ್ತು. ಹೊಗೆ ಮೋರಿ ಕಟ್ಟುವುದಿಲ್ಲ, ಕಪ್ಪು ಕಟ್ಟುತ್ತದೆ. ಆದರೂ ನಾಚಿಕೆ ಆಯಿತು. ಕಪ್ಪು ಕಣ್ಣಿಗೆ ಕಾಣುತ್ತಿತ್ತು, ಜನರೇಟರ್ ಪರದೆ ಹಿಂದೆ ಇತ್ತು. ಕಂಡದ್ದರ ಹಿಂದೆ ಬಿದ್ದೆ. ಈಗ ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಹಿಂದಿನ ವರ್ಷದ ಬಿಲ್ಲುಗಳನ್ನು ತೆಗೆದು ಕೂತುಕೊಳ್ಳಿ ಅನ್ನುತ್ತೇನೆ. ಎಷ್ಟು ಡೀಸೆಲ್, ಎಷ್ಟು ಗ್ಯಾಸ್, ಎಷ್ಟು ಟ್ಯಾಕ್ಸಿ. ಆಮೇಲೆ ಕಸದ ಡ್ರಮ್.

ಹಾಗಂತ ಲೋಟದ ಕೆಲಸ ವ್ಯರ್ಥ ಆಗಲಿಲ್ಲ. ಜನರೇಟರ್ ನಿಲ್ಲಿಸುವ ಮಾತಿಗೆ ಸೌಂಡಿನವರು ಒಪ್ಪಿದ್ದು ಯಾಕೆ ಗೊತ್ತಾ? ಕಾಫಿ ಮುಂಚೆ ಬಂದ ಮೇಲೆ ಕಛೇರಿ ಒಂಬತ್ತೂಕಾಲಿಗೆ ಮುಗಿಯುತ್ತಿತ್ತು. ಅವರ ಹುಡುಗರು ಹತ್ತಕ್ಕೆ ಮನೆ ಸೇರುತ್ತಿದ್ದರು. "ನೀವ್ ಹೇಳಿದ್ ಒಂದು ಸಲ ಸರಿಹೋಗಿದೆ, ಇನ್ನೊಂದು ಸಲ ನೋಡಣ" ಅಂದರು.

ಮೂರನೇ ವರ್ಷ ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನಿಂದ ತಾತ್ಕಾಲಿಕ ಸಂಪರ್ಕ ಪಡೆದೆವು. ಸೌಂಡ್ ಬೋರ್ಡಿಗೆ ಒಂದು ಯುಪಿಎಸ್. ಜನರೇಟರ್ ಚಿಕ್ಕದು ತಂದು ಸುಮ್ಮನೆ ನಿಲ್ಲಿಸಿದೆವು, ಕರೆಂಟ್ ಹೋದರೆ ಮಾತ್ರ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಹೋಯಿತು. ದೀಪ ಆರಿತು, ಮೈಕ್ ಮಾತ್ರ ನಿಲ್ಲಲಿಲ್ಲ. ಯುಪಿಎಸ್ ಹಿಡಿದುಕೊಂಡಿತ್ತು. ನಾನು ಒಳಗೊಳಗೇ ಬೀಗಿದೆ. ಅಷ್ಟರಲ್ಲಿ ಗಾಯಕಿ ಹಾಡು ನಿಲ್ಲಿಸಿ ಪಕ್ಕಕ್ಕೆ ಕೈ ತೋರಿಸಿದರು. ಎಲೆಕ್ಟ್ರಾನಿಕ್ ತಂಬೂರಿ ಸತ್ತುಹೋಗಿತ್ತು. ವೇದಿಕೆಯ ಪ್ಲಗ್ಗನ್ನು ನಾವು ಫ್ಯಾನಿನ ಲೈನಿಗೆ ಕೊಟ್ಟಿದ್ದೆವು, ಯುಪಿಎಸ್ ಲೈನಿಗಲ್ಲ. ಶ್ರುತಿಯೇ ಇಲ್ಲದೆ ಮೈಕ್ ಇದ್ದು ಏನು ಮಾಡೋದು? ಹಿಂದೆ ಕೂತಿದ್ದ ಶಿಷ್ಯೆ ಫೋನ್ ತೆಗೆದು ತಂಬೂರಿ ಆ್ಯಪ್ ಹಾಕಿ ಮೈಕಿಗೆ ಹಿಡಿದಳು. ಅಷ್ಟರಲ್ಲಿ ಜನರೇಟರ್ ಹಿಡಿಯಿತು. ಸೌಂಡಿನವರು ನನ್ನ ಕಡೆ ಒಂದು ನೋಟ ನೋಡಿದರು. ಮಾರನೇ ದಿನ ವೇದಿಕೆ ಮೇಲಿನ ಎಲ್ಲ ಪ್ಲಗ್ಗೂ ಯುಪಿಎಸ್‌ಗೆ ಬಂದವು. ಒಂದು ರೂಪಾಯಿ ಖರ್ಚಿಲ್ಲ, ಒಂದು ತಂತಿ ಬದಲಾಯಿಸಿದ್ದು ಅಷ್ಟೇ.

ಕೊನೆಗೆ ಲೆಕ್ಕ ಹೀಗೆ ಬಂತು. ದಿನಕ್ಕೆ ನಾಲ್ಕು ಗಂಟೆಯಂತೆ ಒಂಬತ್ತು ದಿನಕ್ಕೆ 400 ಯೂನಿಟ್ ಕರೆಂಟ್. ನಮ್ಮ ಗ್ರಿಡ್ಡಿನ ಕರೆಂಟೂ ಶುದ್ಧ ಅಲ್ಲ, ಕಲ್ಲಿದ್ದಲಿನ ಪಾಲು ದೊಡ್ಡದು, ದೇಶದ ಸರಾಸರಿ ತಗೊಂಡರೆ ಯೂನಿಟ್ಟಿಗೆ 0.7 ಕೆಜಿ ಹತ್ತಿರ. ಅಂದರೆ 280 ಕೆಜಿ. ಜೊತೆಗೆ ಜನರೇಟರ್ ಓಡಿದ ಸ್ವಲ್ಪ ಹೊತ್ತು. 800ರಿಂದ 340ರ ಹತ್ತಿರಕ್ಕೆ ಇಳಿಯಿತು. ಡೀಸೆಲ್ ಲೀಟರಿಗೆ 90 ರೂಪಾಯಿ ಹತ್ತಿರ ಇತ್ತು, 27,000 ಆಗುತ್ತಿದ್ದ ಬಿಲ್ಲು ಎರಡು ಸಾವಿರಕ್ಕೆ ಬಂತು. ಕರೆಂಟಿನ ಬಿಲ್ ಕಳೆದರೂ ಲೋಟದ ಬಾಡಿಗೆ, ಕೂಲಿ ಎಲ್ಲ ಅದರಲ್ಲೇ ಹುಟ್ಟಿತು. ಖಜಾಂಚಿ ಮೊದಲ ಸಲ ನನ್ನ ಹೆಗಲ ಮೇಲೆ ಕೈ ಹಾಕಿದರು.

ಓಡಾಟದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲೆಂಡಿನ ದೊಡ್ಡ ಉತ್ಸವಗಳಲ್ಲಿ ಹೊಗೆಯ ದೊಡ್ಡ ಪಾಲು ಜನ ಬಂದುಹೋಗುವ ಕಾರಿನದು. ನಮ್ಮಲ್ಲಿ ಬರುವವರು ಕುವೆಂಪುನಗರ, ಸರಸ್ವತಿಪುರ, ಒಂಟಿಕೊಪ್ಪಲು, ಅಂದರೆ ನಾಲ್ಕೈದು ಕಿಲೋಮೀಟರ್. ಒಂಬತ್ತೂಕಾಲಿಗೆ ಮುಗಿದರೆ ಸಿಟಿ ಬಸ್ ಸಿಗುತ್ತದೆ, ಹತ್ತಾದರೆ ಕಷ್ಟ. ಬಸ್ಸಿಗೆ ಹೋಗುವವರು ಸ್ವಲ್ಪ ಹೆಚ್ಚಾದರು, ಬಹಳ ಅಲ್ಲ. ಚೆನ್ನೈ ಕಲಾವಿದರಿಗೆ ಟ್ಯಾಕ್ಸಿ ಬದಲು ರೈಲು ಕೇಳಿದೆವು. 2022ರ ನವೆಂಬರಿನಿಂದ ಚೆನ್ನೈ–ಮೈಸೂರು ವಂದೇ ಭಾರತ್ ಇದೆ, ಹಾಗಾಗಿ ಒಪ್ಪಿಸುವುದು ಸುಲಭ. ಘಟ ಮತ್ತು ತಂಬೂರಿ ತರುವವರು ಮಾತ್ರ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಭಾನುವಾರ

ಇಷ್ಟೆಲ್ಲ ಆದ ಮೇಲೂ ಮೂರನೇ ವರ್ಷದ ಭಾನುವಾರ ಕೈಕೊಟ್ಟಿತು. 1,500 ಅಂದುಕೊಂಡಿದ್ದೆವು, 1,800 ಜನ ಬಂದರು. 600 ಲೋಟ, ಮೂರು ಟಬ್, ಇಬ್ಬರು ತೊಳೆಯುವವರು. ಐದೂವರೆ ಹೊತ್ತಿಗೆ ಸಾಲು ಗೇಟಿನ ಆಚೆ ರಸ್ತೆಗೆ ಹೋಗಿತ್ತು. ಆಗ ನೋಡುತ್ತೇನೆ, ಸಾಲಿನ ಕೊನೆಯಲ್ಲಿದ್ದವರ ಕೈಯಲ್ಲಿ ಬಿಳೀ ಪೇಪರ್ ಕಪ್ಪು. ಅಡುಗೆಯವರು ನನಗೆ ಹೇಳದೆ 400 ಕಪ್ಪು ವ್ಯಾನಿನ ಹಿಂದೆ ಇಟ್ಟುಕೊಂಡಿದ್ದರು. ಮೂರು ದಿನದಿಂದಲೂ ಅಲ್ಲೇ ಇದ್ದವಂತೆ.

ನನಗೆ ಸಿಟ್ಟು ಬಂತು, ಕೂಗಾಡಿದೆ. ಅವರು ಕಾಫಿ ಹೊಯ್ಯುವುದು ನಿಲ್ಲಿಸಲೇ ಇಲ್ಲ. "ಬಂದೋರ್ನ ಬರಿಗೈಲಿ ಕಳಿಸ್ಲಾ?" ಅಂತ ಮಾತ್ರ ಕೇಳಿದರು. ಅವತ್ತು ಮಳೆ ಬರಲಿಲ್ಲ. ಕಪ್ಪೆಲ್ಲ ಆರಿಸಿ ಚೀಲಕ್ಕೆ ತುಂಬಿದೆವು. ಆ ಚೀಲವನ್ನು ಯಾರೂ ತಗೊಳ್ಳುವುದಿಲ್ಲ ಅಂತ ಈಗ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ವಾರ ಕಳೆದ ಮೇಲೆ ಇಬ್ಬರೂ ಕೂತು ಮಾತಾಡಿದೆವು. ಅವರ ಬೇಡಿಕೆ ಮೂರು. ಭಾನುವಾರಕ್ಕೆ ಇನ್ನೂ 300 ಲೋಟ. ತೊಳೆಯುವುದಕ್ಕೆ ಇನ್ನೊಬ್ಬರು. ಶಾಲೆಯ ಹಿಂಬಾಗಿಲ ಹತ್ತಿರ ಒಂದು ನಲ್ಲಿ, ಎರಡನೇ ಮೇಜು ಅಲ್ಲಿ ಹಾಕುವುದಕ್ಕೆ. ಮೊದಲ ಎರಡಕ್ಕೆ ಖಜಾಂಚಿ ಹೂಂ ಅಂದಿದ್ದಾರೆ. ನಲ್ಲಿಗೆ ಶಾಲೆಯವರ ಒಪ್ಪಿಗೆ ಬೇಕು. ಅರ್ಜಿ ಕೊಟ್ಟು ಎರಡು ತಿಂಗಳಾಯಿತು. ಮುಂದಿನ ವಾರ ಮತ್ತೆ ಹೋಗಿ ಕೇಳಬೇಕು, ಈ ಸಲ ಅಡುಗೆಯವರನ್ನೂ ಕರೆದುಕೊಂಡು.